ಹನಿಗೆ ಕಲ್ಲು ಹಾಕಿ ಹರಳು ತೆಗೆದೆ

"ಕ್ರಿಸ್ಟಲ್ ಬರ್ಲಿಲ್ಲ ಅಂತ ಕಲ್ಲು ಹಾಕ್ತೀಯಾ?" ಲ್ಯಾಬಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವರೇ ಪುಡಿ ಕೇಳಿಕೊಂಡು ಬರುತ್ತಾರೆ.

ನನ್ನದೊಂದು ಬ್ಯಾಕ್ಟೀರಿಯಾ ಎಂಜೈಮ್, ಅಂದರೆ ಪ್ರೋಟೀನ್. ಅದರ ರಚನೆ ಎಕ್ಸ್-ರೇಯಲ್ಲಿ ನೋಡಬೇಕೆಂದರೆ ಮೊದಲು ದ್ರಾವಣದ ಹನಿಯಲ್ಲಿ ಹರಳು ಕಟ್ಟಿಸಬೇಕು. ಎರಡು ವರ್ಷ ಸತಾಯಿಸಿತು. ಬೇರೆ ಬೇರೆ ದ್ರಾವಣ ಹಾಕಿ ನೋಡುವ ಸ್ಕ್ರೀನಿಂಗ್ ಕಿಟ್ ನಾಲ್ಕೈದು, ಒಂದೂಕಾಲು ಲಕ್ಷದ ಹತ್ತಿರ ನೀರುಪಾಲು. ಸಿಕ್ಕಿದ್ದು ಬರೀ ಗಸಿ. ಕಲ್ಲಿನ ಮೇಲೆ ಪ್ರೋಟೀನ್ ಹರಳು ಕಟ್ಟುತ್ತದಾ ಅಂತ ಮೆಕ್‌ಫರ್ಸನ್, ಶ್ಲಿಕ್ಟಾ ಎಂಬ ವಿಜ್ಞಾನಿಗಳು 1988ರಲ್ಲೇ 50 ಖನಿಜ ಹಾಕಿ ನೋಡಿದ್ದರಲ್ಲ, ನಾನೂ ನೋಡೋಣ ಅಂತ ಶುರು ಮಾಡಿದೆ.

ಮೊದಲು ಕೈಗೆ ಸಿಕ್ಕಿದ್ದು ಕ್ಯಾಲ್ಸೈಟ್, ಸುಣ್ಣಕಲ್ಲಿನ ಖನಿಜ. ಪಿಎಚ್ 4.6ರ ಅಸಿಟೇಟ್, ಅಂದರೆ ಹುಳಿ ಬಫರ್‌ಗೆ ಹಾಕಿದೆ. ಬುಸ್ ಅಂತ ಗುಳ್ಳೆ! ಅದನ್ನು ಮೊದಲೇ ಯೋಚಿಸಬೇಕಿತ್ತು, ಅಲ್ವಾ? ಮುಂದಿನ ಸಲ ಫಾಸ್ಫೇಟ್ ಬಫರ್. ನಾಲ್ಕನೇ ದಿನ ಫಳಫಳ ಹರಳು. ಖುಷಿಯಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ. ಏಳೆಂಟುನೂರು ಬಿಲ್ಲು. ಸಂಜೆ ಸೂಜಿಯಿಂದ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಪ್ರೋಟೀನ್ ಹರಳಾಗಿದ್ದರೆ ಸುಲಭವಾಗಿ ಪುಡಿಯಾಗಬೇಕಿತ್ತು. ಕ್ಯಾಲ್ಸಿಯಂ ಫಾಸ್ಫೇಟ್ ಉಪ್ಪು. ದೋಸೆ ವಿಷಯ ಇವತ್ತಿಗೂ ಆಡಿಕೊಳ್ಳುತ್ತಾರೆ.

ಆಮೇಲೆ ಟೇಪಿನಿಂದ ಪದರ ಎಬ್ಬಿಸಿದ ಅಭ್ರಕ. ಏನೂ ಇಲ್ಲ. ಕೊನೆಗೆ ಅಪೊಫಿಲೈಟ್ ಅನ್ನೋ ಖನಿಜ. ಮಹಾರಾಷ್ಟ್ರದ ಬಸಾಲ್ಟ್ ಕ್ವಾರಿಗಳಲ್ಲಿ ಸಿಗುವಂಥದ್ದು, ಮುನ್ನೂರು ರೂಪಾಯಿಗೆ ಒಂದು ಗೊಂಚಲು ಬಂತು. ಅಗೇಟ್ ಒರಳಲ್ಲಿ ಅರೆದು, ತೊಳೆದು ಹಾಕಿದೆ. ಮತ್ತೆ ಗಸಿ!

ತಪ್ಪು ಕಲ್ಲಿನದಲ್ಲ, ನನ್ನದು. ಹಳೇ ಅಭ್ಯಾಸಕ್ಕೆ, ಪ್ರೋಟೀನನ್ನು ದ್ರಾವಣದಿಂದ ಹೊರದಬ್ಬುವ ಪೆಗ್ 3350 (ಪಾಲಿಎಥಿಲೀನ್ ಗ್ಲೈಕಾಲ್) ಅನ್ನು 16 ಶೇಕಡಾ ಇಟ್ಟಿದ್ದೆ. ಕಲ್ಲಿಗೆ ಕೆಲಸ ಬಿಡಬೇಕೆಂದರೆ ಹನಿ ತಾನಾಗಿ ಹರಳು ಕಟ್ಟದಷ್ಟು ಸಪ್ಪೆ ಇರಬೇಕು. 10ಕ್ಕೆ ಇಳಿಸಿದೆ, ಬಫರ್ ಪಿಎಚ್ 7.5ರ ಹೆಪೆಸ್. ಒಂಬತ್ತನೇ ದಿನ ಪುಡಿಯ ಕಣಗಳಿಗೆ ಅಂಟಿಕೊಂಡು ಹರಳು ಎದ್ದಿತ್ತು. 24 ಹನಿಯಲ್ಲಿ ಹತ್ತೋ ಹನ್ನೊಂದರಲ್ಲೋ. ಪುಡಿ ತೊಳೆಯುವುದರಲ್ಲೊಂದು ಗುಟ್ಟಿದೆ, ಪೇಪರ್ ಬಂದ ಮೇಲೆ ಹೇಳುತ್ತೇನೆ.

ಮಧ್ಯೆ ಸುಮ್ನೆ ಒಂದು ಆಟ. ಸೀಡಿಂಗ್‌ಗೆ, ಅಂದರೆ ಹರಳಿನ ಚೂರನ್ನು ಬೀಜದ ಹಾಗೆ ಹೊಸ ಹನಿಗೆ ದಾಟಿಸಲು ಇಟ್ಟಿದ್ದ ಬೆಕ್ಕಿನ ಮೀಸೆಯನ್ನೇ ತುಂಡು ಮಾಡಿ, ಮೊಟ್ಟೆಯ ಬಿಳಿಯ ಪ್ರೋಟೀನ್ ಲೈಸೋಜೈಮ್‌ನ ಹನಿಗೆ ಹಾಕಿದೆ. ಹರಳು ಬಂತು. ಲೈಸೋಜೈಮ್ ಬಿಡಿ, ಕಸ ಬಿದ್ದರೂ ಕಟ್ಟುತ್ತದೆ.

ನಿಜವಾದ ತಲೆನೋವು ಕಲ್ಲಿನ ಕಣದಿಂದ ಹರಳು ಬಿಡಿಸುವುದು. ಐದಾರು ಪುಡಿಯಾದವು. ಕಣದ ಸಮೇತ ಲೂಪಿಗೆ, ಅಂದರೆ ಹರಳು ಹಿಡಿಯುವ ಪುಟ್ಟ ಕುಣಿಕೆಗೆ ಎತ್ತಿದರೆ, ಎಕ್ಸ್-ರೇ ಚಿತ್ರದಲ್ಲಿ ಕಲ್ಲಿನ ಚುಕ್ಕೆಗಳೇ ಜಾಸ್ತಿ. ಅದಕ್ಕೆ ಒಂದನ್ನು ಜಜ್ಜಿ, ಕಲ್ಲಿಲ್ಲದ ಹೊಸ ಹನಿಗಳಿಗೆ ಸೀಡ್ ಮಾಡಿದೆ. ಬಿಡಿಬಿಡಿ ಹರಳು, 2.3 ಆಂಗ್‌ಸ್ಟ್ರಾಮ್‌ನಷ್ಟು ಸಣ್ಣ ವಿವರದ ತನಕ ಎಕ್ಸ್-ರೇ ಡೇಟಾ.

ಕಲ್ಲೂ ಸೀಡೂ ಹಾಕದ ಕಂಟ್ರೋಲ್ ಹನಿಗಳು ಇನ್ನೂ ತಿಳಿಯಾಗಿಯೇ ಇವೆ. ಆ ಪ್ಲೇಟ್ ಎಸೆದಿಲ್ಲ, ನಂಬದವರಿಗೆ ತೋರಿಸಲು ಇಟ್ಟಿದ್ದೇನೆ.