ವಿಮಾನದ ದೂರ, ಹಾರಾಟದ ಹೊತ್ತು: ಪೆನ್ಸಿಲ್ಲಿನಲ್ಲೇ ಲೆಕ್ಕ ಹಾಕಿ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಮೊಬೈಲ್ ಕ್ಷಣದಲ್ಲಿ ಹೇಳಿಬಿಡುತ್ತದೆ. ಆದರೆ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ನನಗೆ, ಹೇಗೆ ಬಂತೆಂದು ತಿಳಿಯದ ಉತ್ತರ ರುಚಿಸುವುದಿಲ್ಲ.

ಬೆಂಗಳೂರು–ದೆಹಲಿ ಅತಿ ಸುಲಭದ ಲೆಕ್ಕ. ಎರಡೂ ಊರುಗಳ ರೇಖಾಂಶ ಹೆಚ್ಚುಕಡಿಮೆ ಒಂದೇ. ದೇವನಹಳ್ಳಿಯ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6ರಲ್ಲಿ. ಅಂತರ 15.4 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ ಸುಮಾರು 1,710 ಕಿ.ಮೀ. ಮಂಗಳೂರಿನ ಬಜ್ಪೆಗಾದರೆ ಅಕ್ಷಾಂಶ ಬಹುತೇಕ ಅದೇ, ರೇಖಾಂಶದ ಅಂತರ 2.8 ಡಿಗ್ರಿ. ಧ್ರುವಗಳತ್ತ ಹೋದಂತೆ ರೇಖಾಂಶಗಳು ಒತ್ತಿಕೊಳ್ಳುವುದರಿಂದ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮಲ್ಲಿ ಅದು 108ಕ್ಕೆ ಇಳಿಯುತ್ತದೆ. ದೂರ ಸುಮಾರು 300 ಕಿ.ಮೀ.

ಹೊತ್ತಿಗೆ ನನ್ನದೊಂದು ಸೂತ್ರವಿದೆ: ಕಿ.ಮೀ.ಯನ್ನು 800ರಿಂದ ಭಾಗಿಸಿ, 40 ನಿಮಿಷ ಕೂಡಿಸಿ. ಜೆಟ್ ವಿಮಾನ ಮೇಲೇರಿದ ಬಳಿಕ ಗಂಟೆಗೆ 850ರಿಂದ 900 ಕಿ.ಮೀ. ಓಡುತ್ತದೆ ನಿಜ, ಆದರೆ ಏರುವಾಗ, ಇಳಿಯುವಾಗ, ನೆಲದ ಮೇಲೆ ತೆವಳುವಾಗ ಆ ವೇಗ ಎಲ್ಲಿ? ಸೂತ್ರದ ಪ್ರಕಾರ ದೆಹಲಿಗೆ 2 ಗಂಟೆ 48 ನಿಮಿಷ. ವೇಳಾಪಟ್ಟಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ.

ಲಂಡನ್ನಿನಂಥ ದೂರದ ಊರಿಗೆ ಗೋಳ ಬೇಕು, ಗೋಡೆಯ ನಕ್ಷೆ ಕೆಲಸಕ್ಕೆ ಬಾರದು. ಗೋಳದ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ದಾರ ಬಿಗಿಹಿಡಿಯಿರಿ. ಅದು ಕರಾಚಿಯ ಬಳಿ ಹಾದು, ಕ್ಯಾಸ್ಪಿಯನ್ ದಾಟಿ, ಕಪ್ಪು ಸಮುದ್ರದ ಉತ್ತರ ಅಂಚಿಗೆ ಬರುತ್ತದೆ. ಆ ದಾರವನ್ನು ಸಮಭಾಜಕದ ಮೇಲಿಟ್ಟು ಡಿಗ್ರಿ ಎಣಿಸಿದರೆ 72ರ ಹತ್ತಿರ, ಅಂದರೆ ಸುಮಾರು 8,000 ಕಿ.ಮೀ., 10 ಗಂಟೆ 40 ನಿಮಿಷ. ಆದರೆ ವಿಮಾನ ದಾರದ ಮೇಲೆಯೇ ಹೋಗಲಾರದು. ಉಕ್ರೇನಿನ ಆಕಾಶ 2022ರ ಫೆಬ್ರವರಿಯಲ್ಲಿ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಸುತ್ತುವ ದಾರಿಗೆ ಹೊತ್ತು ಸೇರಿಸಿಕೊಳ್ಳಿ. ಜೊತೆಗೆ ಗಾಳಿ: ಮೇಲಿನ ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಲಂಡನ್ನಿನಿಂದ ಮರಳುವ ಹಾರಾಟ ಹೋಗುವುದಕ್ಕಿಂತ ಬೇಗ ಮುಗಿಯುತ್ತದೆ.

ಟಿಕೆಟಿನಲ್ಲಿರುವುದು ಆಯಾ ಊರಿನ ಗಡಿಯಾರ ಎಂಬುದನ್ನು ಮರೆಯಬೇಡಿ. ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6.30ಕ್ಕೆ ಲಂಡನ್ ಎಂದಿದ್ದರೆ ಪ್ರಯಾಣ ಐದೂವರೆ ಗಂಟೆಯದಲ್ಲ. ಚಳಿಗಾಲದಲ್ಲಿ ಇನ್ನೂ ಐದೂವರೆ ಗಂಟೆ ಕೂಡಿಸಬೇಕು, ಬೇಸಿಗೆಯಲ್ಲಿ ನಾಲ್ಕೂವರೆ.

ಕೊನೆಗೆ ಮನೆಯಿಂದ ಮನೆಗಿನ ಲೆಕ್ಕ. ಬಜ್ಪೆಗೆ ಹಾರಾಟ ಒಂದೇ ಗಂಟೆ. ದಕ್ಷಿಣ ಬೆಂಗಳೂರಿನಿಂದ ದೇವನಹಳ್ಳಿ ತಲುಪಲು ವಾಹನದಟ್ಟಣೆಯಲ್ಲಿ ಎರಡು ಗಂಟೆ, ಅಲ್ಲಿ ತಪಾಸಣೆಗೆಂದು ಮೊದಲೇ ಹೋಗಿ ಕಾಯುವುದು ಎರಡು ಗಂಟೆ, ಇಳಿದ ಮೇಲೆ ಮಂಗಳೂರು ಪೇಟೆಗೆ ಮತ್ತೊಂದು. ಆರು ಗಂಟೆಯಾಯಿತು. ನಾನಂತೂ ರಾತ್ರಿ ಬಸ್ಸಿನಲ್ಲಿ ಮಲಗಿಯೇ ಹೋಗುತ್ತೇನೆ.