ಎಡಕ್ಕೆ ಎಳೆಯುತ್ತಿದ್ದ ನನ್ನ ಎಟಿವಿ

ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು, ಬೇಲಿ ತಂತಿ ಹೊರಲು ಒಂದು ಹಳೇ ಎಟಿವಿ ಇಟ್ಟುಕೊಂಡಿದ್ದೇನೆ. ಬೈಕಿನಂಥ ಹ್ಯಾಂಡಲ್, ನಾಲ್ಕು ದಪ್ಪ ಚಕ್ರ, ಎಂಥ ನೆಲದಲ್ಲೂ ಓಡುವ ಗಾಡಿ. ಸೆಕೆಂಡ್ ಹ್ಯಾಂಡ್, ಪವರ್ ಸ್ಟಿಯರಿಂಗ್ ಇಲ್ಲ. ಹೋದ ಮಳೆಗಾಲದಲ್ಲಿ ಇದು ಎಡಕ್ಕೆ ಎಳೆಯಲು ಶುರು ಮಾಡಿತು. ಕೆಸರು ತಾನೇ ಎಂದು ಸುಮ್ನಿದ್ದೆ. ಒಂದು ದಿನ ಹಳ್ಳದ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗಿತು. ಬಲಕ್ಕೆ ತಿರುಗಿಸಿದೆ, ಗಾಡಿ ಒಂದು ಗಳಿಗೆ ತಡವಾಗಿ ತಿರುಗಿತು. ಅಷ್ಟರಲ್ಲಿ ಪಕ್ಕದ ಕಾಫಿ ಗಿಡಕ್ಕೆ ನುಗ್ಗಿದ್ದೆ. ಗಿಡದ್ದು ಎರಡು ರೆಂಬೆ ಹೋಯಿತು, ನನ್ನದು ಮೊಣಕಾಲಿನ ಚರ್ಮ.

ಮೊದಲ ಅನುಮಾನ ಗಾಳಿಯ ಮೇಲೆ. ಅದು ಅರ್ಧ ಸರಿಯಾಗಿತ್ತು. ಎಟಿವಿ ಟೈರಿಗೆ ಬೇಕಾದದ್ದು ತುಂಬಾ ಕಡಿಮೆ ಗಾಳಿ, ನನ್ನ ಗಾಡಿಗೆ ಬರೀ 5 ಪಿಎಸ್‌ಐ. ಪಂಕ್ಚರ್ ಅಂಗಡಿಯ ಮೀಟರಿನಲ್ಲಿ ಅಷ್ಟು ಕೆಳಗೆ ಮುಳ್ಳು ಅಲ್ಲಾಡುವುದೇ ಇಲ್ಲ. "ಅಣ್ಣಾ, ಇದು ಇಷ್ಟು ಮೆತ್ತಗಿದ್ರೆ ಹೆಂಗೆ? ಇಪ್ಪತ್ತು ಹಾಕ್ಬಿಡ್ಲಾ?" ಎಂದು ಆ ಹುಡುಗ ಕೇಳಿದ್ದ. ಹಿಂದೊಮ್ಮೆ ಹೂಂ ಅಂದು ಹಾಕಿಸಿ, ಗಾಡಿ ಚೆಂಡಿನ ಹಾಗೆ ಪುಟಿದಿತ್ತು. ಈ ಸಲ 15 ಪಿಎಸ್‌ಐವರೆಗೆ ಮಾತ್ರ ತೋರಿಸುವ ಸಣ್ಣ ಮೀಟರ್ ತರಿಸಿದೆ. ಬಲಗಡೆ 6, ಎಡಗಡೆ 3! ಕಡಿಮೆ ಗಾಳಿ ಇದ್ದ ಕಡೆಗೇ ಗಾಡಿ ಎಳೆಯುತ್ತದೆ. ಎರಡನ್ನೂ 5ಕ್ಕೆ ತಂದೆ. ಎಳೆತ ಕಡಿಮೆಯಾಯಿತು. ನಡುಕ ಹಾಗೇ ಇತ್ತು.

ಆಗ ಗಾಡಿಯನ್ನು ಕಾಫಿ ಕಣಕ್ಕೆ ತಂದೆ. ಸಮತಟ್ಟು ಸಿಮೆಂಟು, ಮಳೆಗಾಲದಲ್ಲಿ ಅಲ್ಲಿ ಹೇಗೂ ಏನೂ ಒಣಗಿಸುವುದಿಲ್ಲ. ಫ್ರೇಮಿನ ಕೆಳಗೆ ಜ್ಯಾಕ್ ಕೊಟ್ಟು ಮುಂದಿನ ಎರಡೂ ಚಕ್ರ ಎತ್ತಿ, ಗಟ್ಟಿ ಮರದ ದಿಮ್ಮಿ ಇಟ್ಟೆ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಚಕ್ರವನ್ನು ಗಡಿಯಾರ ಅಂದುಕೊಂಡು 9 ಮತ್ತು 3ರಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿದೆ. ಎಡ ಚಕ್ರ ಟಕ್ ಟಕ್ ಅಂತು. ಹೀಗೆ ಅಡ್ಡಕ್ಕೆ ಆಡಿದರೆ ಅನುಮಾನ ಸ್ಟಿಯರಿಂಗಿನ ಟೈ ರಾಡ್ ಮೇಲೆ. ಹ್ಯಾಂಡಲ್ ತಿರುಗಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳು ಅದು, ಚಕ್ರಕ್ಕೊಂದು. 12 ಮತ್ತು 6ರಲ್ಲಿ ಹಿಡಿದಾಗ ಆಡಿದರೆ ಚಕ್ರವನ್ನು ಗಾಡಿಯ ತೋಳಿಗೆ ಸೇರಿಸುವ ಬಾಲ್ ಜಾಯಿಂಟೋ, ಚಕ್ರ ಸುತ್ತುವ ವೀಲ್ ಬೇರಿಂಗೋ ಇರಬೇಕು. ಅವೆರಡರಲ್ಲಿ ಯಾವುದು ಅಂತ ತಿಳಿಯಲು ಇನ್ನೊಬ್ಬರಿಂದ ಮುಂದಿನ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ ನೋಡಬೇಕು. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ನನ್ನದರಲ್ಲಿ ಮೇಲೆ ಕೆಳಗೆ ಆಟ ಇರಲಿಲ್ಲ.

ಟೈ ರಾಡ್ ಅಂದೆ. ಆದರೆ ಒಂದು ಟೈ ರಾಡಿಗೆ ಎರಡು ತುದಿ, ಎರಡೂ ಕಡೆ ಜಾಯಿಂಟು. ಯಾವುದು ಸವೆದಿದೆ? ಕಣ್ಣಿಗೆ ಏನೂ ಕಾಣಲಿಲ್ಲ. ಎಲ್ಲಾ ಕಡೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರನ್ನು ಕರೆದು ಹ್ಯಾಂಡಲ್ಲನ್ನು ಒಂದಿಂಚು ಆ ಕಡೆ, ಒಂದಿಂಚು ಈ ಕಡೆ ಆಡಿಸಲು ಹೇಳಿದೆ. ನಾನು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟೆ. "ಸಾರ್, ಸಾಕಾ?" ಎಂದು ಅವರು ನಾಲ್ಕು ಸಲ ಕೇಳಿದರು. ಎಡ ಚಕ್ರದ ಪಕ್ಕದ ಹೊರ ತುದಿಗೆ ಬಂದಾಗ ಬೆರಳಿಗೆ ಸಣ್ಣದಾಗಿ ಗುದ್ದಿದ ಹಾಗಾಯಿತು. ಮಣ್ಣು ಒರೆಸಿ ನೋಡಿದರೆ ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿತ್ತು. ಒಳಗೆ ಗ್ರೀಸ್ ಬದಲು ಕೆಸರು.

ತಪ್ಪು ನನ್ನದೇ. ದಿನಾ ಸಂಜೆ ಪ್ರೆಷರ್ ವಾಷರ್‌ನಿಂದ ಬೂಟ್, ಬೇರಿಂಗ್, ಸೀಲ್ ಎಲ್ಲದರ ಮೇಲೂ ನೇರವಾಗಿ ನೀರು ಹೊಡೆಯುತ್ತಿದ್ದೆ. ಗಾಡಿ ಫಳಫಳ ಅಂತಿತ್ತು, ನೀರು ಒಳಗೆ ಹೋಗುತ್ತಿತ್ತು. ಈಗ ಆ ಜಾಗಗಳಿಗೆ ಬರೀ ಹೋಸ್ ಪೈಪಿನ ನೀರು, ಒಂದು ಬ್ರಷ್.

ಹೊಸ ಟೈ ರಾಡ್ ಎಂಡ್, ಅಂದರೆ ತುದಿಯ ಜಾಯಿಂಟು, ಬರಲು ಎಂಟು ದಿನ ಹಿಡಿಯಿತು. ಬಿಚ್ಚುವಾಗ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿದೆ. ಜಾಯಿಂಟಿನ ಬೋಲ್ಟ್ ಒಂದು ಕಡೆಗೆ ಕಿರಿದಾಗುತ್ತಾ ಹೋಗುವ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಅದರ ಥ್ರೆಡ್ ಮೇಲೆ ಸುತ್ತಿಗೆ ಹೊಡೆದರೆ ಹಾಳು. ತೂತು ಇರುವ, ಚಕ್ರದ ಕಡೆಯ ತೋಳಿನ ಪಕ್ಕಕ್ಕೆ ಎರಡು ಗಟ್ಟಿ ಏಟು ಕೊಟ್ಟೆ, ಕಳಚಿತು. ಇನ್ನು ಹಳೇ ಎಂಡನ್ನು ರಾಡಿನಿಂದ ತಿರುಗಿಸಿ ತೆಗೆಯಬೇಕು. ಇಲ್ಲಿ ನಾನು ಪೆದ್ದನಾದೆ. ರಾಡಿನ ಒಂದು ತುದಿಯದ್ದು ಉಲ್ಟಾ ಥ್ರೆಡ್. ಎಂಡ್ ತಿರುಗದಂತೆ ಹಿಡಿಯುವ ಚೆಕ್ ನಟ್ಟನ್ನು ಹತ್ತು ನಿಮಿಷ ಬಿಗಿ ಮಾಡುತ್ತಾ ಬಿಚ್ಚುತ್ತಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಎಂಡ್ ಎಷ್ಟು ಸುತ್ತು ತಿರುಗಿಸಿದಾಗ ಹೊರಬಂತು ಅಂತ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿದೆ. ಕಡೆಗೆ ಹೊಸ ಸ್ಪ್ಲಿಟ್ ಪಿನ್. ಹಳೆಯದನ್ನು ನೇರ ಮಾಡಿ ಮತ್ತೆ ಹಾಕಬಾರದು. ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಕೂಡಿಸಬೇಕು, ಸಡಿಲಿಸಿ ಅಲ್ಲ.

ಸುತ್ತು ಎಣಿಸಿದ್ದಕ್ಕೆ ಚಕ್ರ ಹೆಚ್ಚು ಕಡಿಮೆ ನೇರ ನಿಂತಿತು. ಆದರೆ ಅಂದಾಜು ಸಾಲದು. ಗಾಡಿ ಇಳಿಸಿ, ಗಾಳಿ ಸರಿ ಮಾಡಿ, ಹ್ಯಾಂಡಲ್ ನೇರ ಇಟ್ಟು ಹಗ್ಗದಲ್ಲಿ ಕಟ್ಟಿದೆ. ಎರಡೂ ಟೈರಿನ ನಡುಮಧ್ಯೆ, ಮುಂಭಾಗದಲ್ಲಿ ಆಕ್ಸಲಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು. ಎರಡು ಗುರುತಿನ ನಡುವೆ ಅಳತೆ. ಗಾಡಿಯನ್ನು ಮೆಲ್ಲಗೆ ತಳ್ಳಿ, ಗುರುತುಗಳು ಹಿಂದೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳತೆ. ನನ್ನ ಗಾಡಿಯ ಮ್ಯಾನುಯಲ್ ಪ್ರಕಾರ ಮುಂದಿನ ಅಳತೆ 3ರಿಂದ 6 ಮಿ.ಮೀ. ಜಾಸ್ತಿ ಇರಬೇಕು. ನನಗೆ ಸಿಕ್ಕಿದ್ದು 14. ಕೆಲವು ಗಾಡಿಗಳಿಗೆ ಇದಕ್ಕೆ ಉಲ್ಟಾ, ಮುಂದೆ ಕಡಿಮೆ ಇರಬೇಕು. ಹಾಗಾಗಿ ನಿಮ್ಮದರ ಪುಸ್ತಕ ನೋಡಿ, ನನ್ನ ಅಳತೆ ಹಿಡಿಯಬೇಡಿ. ಚೆಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸಿದರೆ ಅದರ ಉದ್ದ, ಅದರ ಜೊತೆ ಈ ಅಳತೆ ಬದಲಾಗುತ್ತದೆ. ಮೊದಲು ಎಡ ರಾಡೊಂದನ್ನೇ ತಿರುಗಿಸಿದೆ. ಅಳತೆ ಕೂಡಿತು, ಓಡಿಸಿದರೆ ಗಾಡಿ ನೇರ, ಹ್ಯಾಂಡಲ್ ಸೊಟ್ಟ! ಮತ್ತೆ ಮೊದಲಿದ್ದಷ್ಟಕ್ಕೇ ತಂದು, ಎರಡೂ ರಾಡನ್ನು ಅರ್ಧರ್ಧ ತಿರುಗಿಸಿದೆ. 5ಕ್ಕೆ ನಿಂತಿತು. ಚೆಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆದೆ, ಏಕೆಂದರೆ ಬಿಗಿ ಮಾಡುವಾಗ ರಾಡೂ ಸ್ವಲ್ಪ ತಿರುಗುತ್ತದೆ.

ಈಗ ಪ್ರತಿ ಸೋಮವಾರ ಬೆಳಗ್ಗೆ ಗಾಳಿ ನೋಡುತ್ತೇನೆ, ಚಕ್ರ ಅಲ್ಲಾಡಿಸುತ್ತೇನೆ, ಹ್ಯಾಂಡಲ್ ಕಂಬದ ಕ್ಲ್ಯಾಂಪ್ ಬೋಲ್ಟ್ ಬಿಗಿ ಇದೆಯಾ ಅಂತ ಮುಟ್ಟಿ ನೋಡುತ್ತೇನೆ. ಆಮೇಲೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಹಿಡಿದು, ಎಂಜಿನ್ ಆನ್ ಮಾಡಿ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ತಿರುಗಿಸುವಾಗ ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ ಎಂದರ್ಥ. ಬ್ರೇಕ್ ಹೋಸ್ ಸಿಕ್ಕಿಕೊಳ್ಳುತ್ತದಾ ಅಂತಲೂ ಆಗಲೇ ಗೊತ್ತಾಗುತ್ತದೆ.

ಹೋದ ವಾರ ಬಲಗಡೆಯ ಹೊರ ಎಂಡಿನಲ್ಲೂ ಬೆರಳಿಗೆ ಸಣ್ಣ ಗುದ್ದು ಸಿಕ್ಕಿತು. ಬೂಟ್ ಇನ್ನೂ ಹರಿದಿಲ್ಲ. ಹೊಸ ಎಂಡಿಗೆ ಹೇಳಿಟ್ಟಿದ್ದೇನೆ. ಅದು ಬರುವವರೆಗೆ ಹಳ್ಳದ ಕಡೆಗೆ ಗೊಬ್ಬರ ತಲೆಹೊರೆಯಲ್ಲೇ.