ಭೂಪೇನ್ ಖಖರ್ ಕಿರುಚಿತ್ರಕ್ಕೆ ನಾನು ಚಿತ್ರಕಥೆ ಬರೆದ ಬಗೆ

ಗೇ ಕಲಾವಿದನ ಜೀವನಚಿತ್ರ ಅಂದ ಕೂಡಲೇ ಬಹಳ ಜನರ ತಲೆಯಲ್ಲಿ ಒಂದು ಸಿದ್ಧ ಕತೆ ಇರುತ್ತದೆ. ಗುಟ್ಟು, ಭಯ, ಎಲ್ಲರೆದುರು ಅಳುತ್ತಾ ಹೇಳಿಕೊಳ್ಳುವ ಸೀನ್, ಆಮೇಲೆ ಕಾಯಿಲೆ, ಸಾವು. ನಾನೂ ಗೇ ಆಗಿದ್ದರಿಂದ ಇದನ್ನೇ ಇನ್ನಷ್ಟು ಚೆನ್ನಾಗಿ ಬರೆದುಕೊಡುತ್ತೇನೆ ಅಂತ ತಂಡದವರು ಅಂದುಕೊಂಡಿದ್ದರು.

ಚಿತ್ರಕಲಾವಿದ ಖಖರ್ ಬದುಕು ಆ ಅಚ್ಚಿಗೆ ಕೂರುವುದಿಲ್ಲ. 1934ರಲ್ಲಿ ಮುಂಬೈಯಲ್ಲಿ ಹುಟ್ಟಿದವರು, ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. 60ರ ದಶಕದ ಶುರುವಿನಲ್ಲಿ ಬರೋಡಾಕ್ಕೆ ಬಂದರು. ಚಿತ್ರ ಬರೆಯುತ್ತಲೇ ವರ್ಷಗಟ್ಟಲೆ ಲೆಕ್ಕಪತ್ರದ ಕೆಲಸವನ್ನೂ ಮಾಡಿದರು. ಗುಜರಾತಿಯಲ್ಲಿ ಕತೆ, ನಾಟಕ ಬರೆದರು. ತಮಾಷೆ ಜಾಸ್ತಿ. ತಾಯಿ ತೀರಿಕೊಂಡ ಮೇಲೆ, 1981ರಲ್ಲಿ, ‘ಯೂ ಕಾಂಟ್ ಪ್ಲೀಸ್ ಆಲ್’ ಅನ್ನೋ ಪೇಂಟಿಂಗ್ ಬಂತು. ಬಾಲ್ಕನಿಯಲ್ಲಿ ಒಬ್ಬ ಗಂಡಸು ಬೆತ್ತಲೆ ನಿಂತು ಊರನ್ನು ನೋಡುತ್ತಿದ್ದಾನೆ. ಕೆಳಗೆ ಅಪ್ಪ, ಮಗ, ಕತ್ತೆಯ ಆ ಹಳೇ ಕತೆ ನಡೆಯುತ್ತಿದೆ. ತಾನು ಸಲಿಂಗಿ ಅಂತ ಅವರು ಲೋಕಕ್ಕೆ ತೋರಿಸಿಕೊಂಡ ಚಿತ್ರ ಅದು.

ತಂಡದವರು ಇದನ್ನೇ ಕ್ಲೈಮ್ಯಾಕ್ಸ್ ಮಾಡು ಅಂದರು. ನಾನು ಸಿನಿಮಾದ ಶುರುವಿನಲ್ಲೇ ಇಟ್ಟೆ. ಗುಟ್ಟನ್ನು ಕೊನೆತನಕ ಎಳೆದರೆ ಪ್ರೇಕ್ಷಕ ಪತ್ತೇದಾರನಾಗಿಬಿಡುತ್ತಾನೆ. ನಡಿಗೆ, ಕೈಸನ್ನೆ, ಅಂಗಿಯ ಬಣ್ಣ, ಎಲ್ಲದರಲ್ಲೂ ಸುಳಿವು ಹುಡುಕುತ್ತಾನೆ. ಮೊದಲೇ ಗೊತ್ತಿದ್ದರೆ ಆ ಆಟಕ್ಕೆ ಜಾಗವೇ ಇಲ್ಲ. ಇನ್ನೊಂದು ಲಾಭವೂ ಆಯಿತು. 1981 ಮುಗಿಸಿ 1972ಕ್ಕೆ ಹಿಂದೆ ಹೋದೆವು. ವಾಚ್ ರಿಪೇರಿಯವನು, ದರ್ಜಿ, ಆಮೇಲೆ ಕ್ಷೌರಿಕನ ಅಂಗಡಿ, ಆ ಕಾಲದಲ್ಲಿ ಖಖರ್ ಬರೆದ ಚಿತ್ರಗಳು ಒಂದೊಂದಾಗಿ ಬರುತ್ತವೆ. ಯಾರೂ ಏನೂ ವಿವರಿಸುವುದಿಲ್ಲ. ಸಾಮಾನ್ಯ ಗಂಡಸರನ್ನು ಅವರು ಎಷ್ಟು ಅಕ್ಕರೆಯಿಂದ ನೋಡುತ್ತಿದ್ದರು ಅನ್ನೋದು ನೋಡುವವರಿಗೆ ತಾನಾಗೇ ಕಾಣುತ್ತದೆ.

ಜಾಸ್ತಿ ಜಗಳ ಆದದ್ದು ಪ್ರೇಮಿಯ ವಯಸ್ಸಿನ ಬಗ್ಗೆ. ಖಖರ್ ಒಲವು ತಮಗಿಂತ ಹಿರಿಯ ಗಂಡಸರ ಕಡೆಗಿತ್ತು. ಹಣ ಹಾಕುವವರು, “ಮುದುಕರ ಪ್ರೀತಿ ಯಾರು ನೋಡ್ತಾರೆ? ಹುಡುಗನ್ನ ಹಾಕಿ, ಇಲ್ಲಾಂದ್ರೆ ಆತ್ಮೀಯ ಗೆಳೆಯ ಅಂತ ತೋರಿಸಿ” ಅಂದರು. ಎರಡಕ್ಕೂ ಒಪ್ಪಲಿಲ್ಲ. ಸಿಕ್ಸ್ ಪ್ಯಾಕ್ ಇರುವ ಗೇ ಪಾತ್ರಗಳು ಬೇಕಾದಷ್ಟಿವೆ. ಬಾಡಿದ ಮೈಯ, ಮಾಮೂಲಿ ಅಂಗಿಯ ಇಬ್ಬರು ತಬ್ಬಿಕೊಳ್ಳುವುದು ಎಲ್ಲಿದೆ? ಆದರೆ ನಿಜವಾದ ಸಂಗಾತಿಗಳ ಹೆಸರು ಬಳಸಲಿಲ್ಲ. ಅವರಿಗೂ ಮನೆಯವರಿದ್ದಾರಲ್ವಾ? ಒಂದು ಕಲ್ಪಿತ ಪಾತ್ರ ಮಾಡಿ, ಅದು ಕಲ್ಪಿತ ಅಂತ ಟೈಟಲ್ ಕಾರ್ಡಿನಲ್ಲೇ ಹಾಕಿದೆ.

ಆ ತಬ್ಬುಗೆಯ ಸೀನಿಗೆ ದಾರಿ ತೋರಿಸಿದ್ದು ಖಖರ್ ಅವರ 1982ರ ಪೇಂಟಿಂಗ್ ‘ಟೂ ಮೆನ್ ಇನ್ ಬೆನಾರಸ್’. ಅದರಲ್ಲಿ ಇಬ್ಬರು ಬೆತ್ತಲೆ ಗಂಡಸರು ತಬ್ಬಿ ನಿಂತಿದ್ದಾರೆ. ಅದೇ ಕ್ಯಾನ್ವಾಸಿನಲ್ಲಿ ಪೂಜೆ ಮಾಡುವವರು, ಸಾಧುಗಳು ತಮ್ಮ ಪಾಡಿಗೆ ತಾವಿದ್ದಾರೆ. ಪ್ರೀತಿಯನ್ನು ಊರಿನಿಂದ ಬೇರೆ ಮಾಡಿಲ್ಲ. ಹಾಗಾಗಿ ನಮ್ಮಲ್ಲೂ ಕ್ಲೋಸಪ್ ಬೇಡ, ಪಿಟೀಲು ಬೇಡ, ಬೀದಿಯ ಸದ್ದು ಇರಲಿ ಅಂತ ಚಿತ್ರಕಥೆಯಲ್ಲೇ ಬರೆದೆ. ನಟರಿಬ್ಬರೂ ಮುಜುಗರಕ್ಕೆ ನಗುತ್ತಲೇ ಇದ್ದರು. ಮೊದಲು ಒಬ್ಬರ ಕಣ್ಣಿಗೆ ಇನ್ನೊಬ್ಬರು ಡ್ರಾಪ್ಸ್ ಹಾಕುವುದನ್ನು ರಿಹರ್ಸಲ್ ಮಾಡಿಸಿದೆವು. ಅದು ಸಲೀಸಾದ ಮೇಲೆ ತಬ್ಬುಗೆ ಕಷ್ಟವಾಗಲಿಲ್ಲ.

ಖಖರ್ 2003ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಸಿನಿಮಾ ಅದರಲ್ಲೇ ಮುಗಿದರೆ ಕಾಯಿಲೆ ಶಿಕ್ಷೆಯ ಹಾಗೆ ಕಾಣುತ್ತದೆ. ಅದಕ್ಕೇ ಆ ಭಾಗವನ್ನು ನಡುವೆ ತಂದೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಅನುಮತಿಯ ವಿಚಾರವನ್ನು ಮೊದಲೇ ಎತ್ತಿ. ನಮ್ಮಲ್ಲಿ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಇರುತ್ತದೆ. ಬ್ರಿಟನ್ನಿನ ಚಿತ್ರಕಲಾವಿದ ಫ್ರಾನ್ಸಿಸ್ ಬೇಕನ್ ಬಗ್ಗೆ 1998ರಲ್ಲಿ ಬಂದ ‘ಲವ್ ಈಸ್ ದ ಡೆವಿಲ್’ ಸಿನಿಮಾ ಅವರ ಒಂದು ಪೇಂಟಿಂಗನ್ನೂ ತೋರಿಸಲಾಗದೆ, ಲೆನ್ಸ್ ಬಾಗಿಸಿ ಮುಖಗಳನ್ನು ಬೇಕನ್ ಚಿತ್ರದ ಹಾಗೆ ತಿರುಚಿತು. ನಾನೂ ಪ್ರತಿ ಚಿತ್ರದ ಸೀನಿಗೆ ಇನ್ನೊಂದು ಆವೃತ್ತಿ ಬರೆದಿಟ್ಟುಕೊಂಡೆ. ಅದರಲ್ಲಿ ಚಿತ್ರ ಕಾಣುವುದಿಲ್ಲ, ಅದನ್ನು ನೋಡುತ್ತಾ ನಿಂತವರ ಮುಖ ಮಾತ್ರ ಇದೆ.